ಐದು ಗಂಟೆ ಹತ್ತು ನಿಮಿಷದ ಓದುಗ

“ಒಬ್ಬ ಓದುಗರಿದ್ದಾರೆ,” ಎಂದೆ ನಾನು. ಧ್ವನಿ ಬೇಕಾದುದಕ್ಕಿಂತ ಎತ್ತರವಾಗಿತ್ತೆಂಬುದು ಹೇಳಿ ಮುಗಿಸಿದ ಮೇಲೆ ತಿಳಿಯಿತು. ಕೆಳಗಿನ ಅಂಗಡಿಯಲ್ಲಿ ಸೋಯಾ ಹಾಲು ಕಾಯಿಸುತ್ತಿದ್ದವಳ ಸೌಟಿನ ಸದ್ದು ಒಂದು ಗಳಿಗೆ ನಿಂತಂತಾಯಿತು.

ಅದು ತಿಂಗಳ ಮೂರನೆಯ ಶನಿವಾರದ ಸಭೆ. ತೈಚುಂಗ್ ನಗರದ ಹಳೆಯ ರೈಲು ನಿಲ್ದಾಣದ ಹಿಂದೆ, ಸೋಯಾ ಹಾಲಿನ ಅಂಗಡಿಯ ಮೇಲಿನ ಮಹಡಿಯಲ್ಲಿ, ಹದಿನಾಲ್ಕು ವರ್ಷಗಳಿಂದ ನಾವು ಸೇರುತ್ತ ಬಂದಿದ್ದೇವೆ. ಒಂದು ಕಾಲಕ್ಕೆ ಹನ್ನೊಂದು ಕುರ್ಚಿಗಳು ಸಾಲದೆ ಕೆಳಗಿನಿಂದ ಸ್ಟೂಲುಗಳನ್ನು ತರಿಸುತ್ತಿದ್ದೆವು. ಆ ದಿನ ಇದ್ದವರು ಇಬ್ಬರು: ನಾನು, ಮತ್ತು ಯೋಜನೆಯ ಈಗಿನ ಮುಖ್ಯಸ್ಥ ಫಾಂಗ್ ಚಿ-ವೆಯ್. ಉಳಿದವರಿಂದ ‘ಬರಲಾಗದು’ ಎಂಬ ಸಂದೇಶ ಬಂದಿತ್ತು; ಕೆಲವರಿಂದ ಅದೂ ಬಂದಿರಲಿಲ್ಲ.

ನಮ್ಮ ತಂತ್ರಾಂಶದ ಹೆಸರು ಆಲದಮರ. ಮಳೆ, ಗಾಳಿ, ನದಿಯ ನೀರು, ಮೀನುಕೊಳದ ಉಸಿರಾದ ಆಮ್ಲಜನಕ, ಹೀಗೆ ಏನನ್ನು ಅಳೆಯುವ ಉಪಕರಣವೇ ಆಗಲಿ, ಅದನ್ನು ಕಂಪ್ಯೂಟರಿಗೆ ಜೋಡಿಸಿ ಮಾತನಾಡಿಸುವ ಕೆಲಸ ಅದರದು. ಯಾರೂ ಅದರ ಒಡೆಯರಲ್ಲ. ಯಾರು ಬೇಕಾದರೂ ತೆಗೆದುಕೊಳ್ಳಬಹುದು, ತಿದ್ದಬಹುದು, ತಿದ್ದಿದ್ದನ್ನು ಮರಳಿ ಕೊಡಬಹುದು. ಲೋಕದ ಮೂಲೆಮೂಲೆಗಳಿಂದ ಸಾವಿರಕ್ಕೂ ಹೆಚ್ಚು ಜನ ಅದಕ್ಕೆ ಕೈಹಚ್ಚಿದ್ದಾರೆ. ಆದರೆ ಬರೆದದ್ದನ್ನು ಜೋಡಿಸಿ, ಹೊಸಬನ ಕೈಗೆ ಕೊಡಬಹುದಾದ ಕೈಪಿಡಿಯಾಗಿ ಮಾಡುವ ಕೆಲಸಕ್ಕೆ ಜನ ಸಿಗುವುದಿಲ್ಲ. ನಮ್ಮ ಭಾಷೆಯ ಕೈಪಿಡಿಗೆ ಮೊದಲು ಇಬ್ಬರಿದ್ದೆವು. ನಾಲ್ಕು ವರ್ಷಗಳಿಂದ ನಾನೊಬ್ಬಳೇ.

“ಟೀಚರ್, ಬೇಜಾರು ಮಾಡ್ಕೋಬೇಡಿ,” ಎಂದ ಫಾಂಗ್. ಅವನಿಗೆ ಮೂವತ್ತೈದು ಇರಬಹುದು. ಕರಿದ ಹಿಟ್ಟಿನ ಕೋಲನ್ನು ಹಾಲಿನಲ್ಲಿ ಅದ್ದಿ ತಿನ್ನುತ್ತ ಮಾತಾಡುವುದು ಅವನ ಅಭ್ಯಾಸ. “ನಿಮ್ಮ ಅಧ್ಯಾಯ ಚೆನ್ನಾಗಿಲ್ಲ ಅಂತ ಯಾರು ಅಂದ್ರು? ಓದೋರಿಲ್ಲ, ಅಷ್ಟೇ. ಈಗ ಯಾರು ಪುಟ ತೆಗೆದು ಕೂತ್ಕೋತಾರೆ ಹೇಳಿ. ಉತ್ತರ ಹೇಳೋ ಯಂತ್ರಾನ ಕೇಳ್ತಾರೆ, ಅದು ಹೇಳಿಬಿಡುತ್ತೆ.”

“ಅದು ಯಾರನ್ನ ಕೇಳುತ್ತೆ?”

“ನಿಮ್ಮ ಪುಟಾನೇ ಓದ್ಕೊಂಡಿರುತ್ತೆ ಬಿಡಿ, ಒಂದ್ಸಲ.”

“ಒಂದ್ಸಲ ಓದ್ಕೊಂಡು ಊರಿಗೆಲ್ಲ ಪಾಠ ಹೇಳೋರನ್ನ ನಾನೂ ಕಂಡಿದೀನಿ ಫಾಂಗ್. ಮೂವತ್ತು ವರ್ಷ ಅಂಥವರಿಗೆಲ್ಲ ಸೊನ್ನೆ ಹಾಕ್ತಾ ಬಂದವಳು ನಾನು.”

ಅವನು ನಕ್ಕ. ಆದರೆ ನಿಯಮ ನಗುವಿಗೆ ಬಗ್ಗುವಂಥದಾಗಿರಲಿಲ್ಲ. ಹೊಸ ಆವೃತ್ತಿಗಾಗಿ ಸಾವಿರದ ಒಂಬೈನೂರು ಪುಟಗಳ ಕೈಪಿಡಿಯನ್ನು ಪೂರ್ತಿಯಾಗಿ ಮರುಜೋಡಿಸಬೇಕು; ಆರು ತಿಂಗಳಿಂದ ಒಬ್ಬ ಓದುಗನೂ ಬಾರದ ಅಧ್ಯಾಯಗಳನ್ನು ಉಗ್ರಾಣಕ್ಕೆ ಸಾಗಿಸಬೇಕು ಎಂದು ಸಮಿತಿ ತೀರ್ಮಾನಿಸಿತ್ತು. ಉಗ್ರಾಣಕ್ಕೆ ಹೋದ ಪುಟ ಅಳಿಯುವುದಿಲ್ಲ, ನಿಜ. ಆದರೆ ವಿಷಯಸೂಚಿಯಲ್ಲಿ ಅದರ ಹೆಸರಿರುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ಮುಂದೆ ಯಾರೂ ಅದನ್ನು ತಿದ್ದುವುದಿಲ್ಲ. ಆ ಪಟ್ಟಿಯ ಎಂಟನೆಯ ಸಾಲಿನಲ್ಲಿ ನನ್ನ ಅಧ್ಯಾಯವಿತ್ತು: ‘ಮೊದಲ ಸಲ ತೆರೆಯುವವರಿಗೆ’. ನಲವತ್ತೊಂದು ಪುಟಗಳು. ನಾನು ಈ ಯೋಜನೆಗೆ ಬಂದು ಬರೆದ ಮೊದಲ ಬರಹ ಅದು. ಅದನ್ನು ಬರೆಯಲೆಂದೇ ಬಂದವಳು ನಾನು.

“ಓದುಗರ ಎಣಿಕೆಯ ಪುಟ ತೆಗೆದು ನೋಡು,” ಎಂದೆ. “ದಿನವೂ ಒಬ್ಬರು. ಬೆಳಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ.”

ಫಾಂಗ್ ಬೆರಳು ಒರೆಸಿಕೊಂಡು ನೋಡಿದ. “ಹೌದಲ್ಲ! ದಿನಾ ಒಂದು, ಭಾನುವಾರಾನೂ ಬಿಟ್ಟಿಲ್ಲ. ಪಟ್ಟಿ ಮಾಡೋವಾಗ ದಿನಕ್ಕೆ ಎರಡಕ್ಕಿಂತ ಕಮ್ಮಿ ಇದ್ದಿದ್ದನ್ನ ಸೊನ್ನೆ ಅಂತ ಹಿಡ್ಕೊಂಡಿದ್ದೆ. ಯಾರಪ್ಪಾ ಇದು, ಕೋಳೀಗಿಂತ ಮುಂಚೆ ಏಳೋ ಪುಣ್ಯಾತ್ಮ?”

“ಯಾರಾದರೇನು, ಓದುಗರು.”

“ಆಯ್ತು ಟೀಚರ್. ಒಬ್ಬರಿದ್ರೂ ಇದ್ದ ಹಾಗೇ ಲೆಕ್ಕ. ನಿಮ್ಮದು ಉಳೀತು.” ಎಂಟನೆಯ ಸಾಲನ್ನು ಅವನು ನನ್ನೆದುರಿಗೇ ಅಳಿಸಿದ. ಮೆಟ್ಟಿಲಿಳಿಯುವಾಗ ನನ್ನ ಮೊಣಕಾಲು ನೋಯಲಿಲ್ಲ.

ಈ ಕೆಲಸಕ್ಕೆ ನನ್ನನ್ನು ಎಳೆದುತಂದವರು ಯೆನ್ ಪೋ-ಚುವಾನ್. ಆಗ ನಾನು ಮಾಧ್ಯಮಿಕ ಶಾಲೆಯೊಂದರಲ್ಲಿ ಪ್ರಬಂಧರಚನೆ ಕಲಿಸುತ್ತಿದ್ದೆ. ನಿವೃತ್ತಿಗೆ ಎಂಟು ತಿಂಗಳಿತ್ತು. ಯೆನ್ ನೀರಾವರಿ ಕಚೇರಿಯ ಇಂಜಿನಿಯರು. ನಮ್ಮ ಶಾಲೆಯ ಮಾಳಿಗೆಯ ಮೇಲೆ ಮಳೆಮಾಪಕವೊಂದನ್ನು ನಿಲ್ಲಿಸಿ, ಅದರ ಜೊತೆಗೆ ಹನ್ನೆರಡು ಹಾಳೆಗಳ ಕೈಪಿಡಿಯನ್ನು ಬಿಟ್ಟುಹೋದರು. ನಾನು ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿ ಅಂಚೆಗೆ ಹಾಕಿದೆ. ‘ಉಪಕರಣ ಏನೆಂದು ಹೇಳುವ ಮೊದಲೇ ಅದು ಕೆಟ್ಟರೆ ಏನು ಮಾಡಬೇಕೆಂದು ಹೇಳಿದ್ದೀರಿ. ಮದುವೆಗೆ ಮುಂಚೆ ಶ್ರಾದ್ಧ’ ಎಂದು ಕೊನೆಯಲ್ಲಿ ಬರೆದಿದ್ದೆ. ಮೂರನೆಯ ದಿನ ಅವರೇ ಬಂದರು. ಕೈಯಲ್ಲಿ ಕೆಂಪಾದ ಹನ್ನೆರಡು ಹಾಳೆಗಳು.

“ಟೀಚರ್, ಬೈದಿದ್ದು ಸಾಕು,” ಎಂದರು. “ಈಗ ನೀವೇ ಬರೀರಿ.”

ಹಾಗೆ ಬರೆದದ್ದು ಆ ಅಧ್ಯಾಯ. ನಾನು ಕಲಿತ ಹಳೆಯ ಕ್ರಮದಲ್ಲಿ ಪ್ರಬಂಧವೆಂದರೆ ನಾಲ್ಕು ಅಂಗ: ತೆರೆಯುವುದು, ಮುಂದುವರಿಸುವುದು, ತಿರುಗಿಸುವುದು, ಕೂಡಿಸುವುದು. ಕೈಪಿಡಿಯನ್ನೂ ಹಾಗೆಯೇ ಕಟ್ಟಿದೆ. ಯೆನ್ ಓದಿ ತಲೆ ಕೆರೆದುಕೊಂಡರು. “ಎಲ್ಲಾ ಚೆಂದ. ಆದ್ರೆ ಮೂರನೇ ಭಾಗದಲ್ಲಿ ತಿರುವು ಬೇಡ ಟೀಚರ್. ಇದನ್ನ ಓದೋನು ಮನೇಲಿ ಟೀ ಕುಡೀತಾ ಓದಲ್ಲ. ಮೊಣಕಾಲುದ್ದ ನೀರಲ್ಲಿ ನಿಂತು, ಒಂದ್ ಕೈಲಿ ಟಾರ್ಚ್ ಹಿಡ್ಕೊಂಡು ಓದ್ತಾನೆ.” ನಾನು ತಿರುವನ್ನು ತೆಗೆದೆ. ಆದರೆ ಅಂದಿನಿಂದ ಆ ನೀರಿನಲ್ಲಿ ನಿಂತ ಮನುಷ್ಯ ನನ್ನ ಮನಸ್ಸಿನಿಂದ ಹೋಗಲಿಲ್ಲ.

ಹತ್ತು ವರ್ಷ ನಾವಿಬ್ಬರೂ ಕೂಡಿ ದುಡಿದೆವು. ಅದರಲ್ಲಿ ಮೂರು ವಾರ ಮಾತು ಬಿಟ್ಟಿದ್ದೆವು. ತಪ್ಪು ನನ್ನದೇ. ಪದಗಳ ಅರ್ಥಕೋಶವು ಕೈಪಿಡಿಯ ಕೊನೆಯಲ್ಲಿರುವುದು ನನಗೆ ಸರಿಯೆನಿಸದೆ, ಒಂದು ಮಧ್ಯಾಹ್ನ ಅದನ್ನು ಎತ್ತಿ ಮೊದಲಿಗೆ ತಂದಿಟ್ಟೆ. ಜಾಲತಾಣದಲ್ಲಿ ಪುಟ ಎದ್ದು ಬೇರೆಡೆಗೆ ಹೋದರೆ ಅದರ ವಿಳಾಸವೂ ಬದಲಾಗುತ್ತದೆ; ಹಳೆಯ ವಿಳಾಸವನ್ನು ನೆಚ್ಚಿಕೊಂಡ ಕೊಂಡಿಗಳೆಲ್ಲ ಕಡಿದುಬೀಳುತ್ತವೆ. ಕಾಗದದ ಮೇಲೆ ಬೆಳೆದ ನನಗೆ ಇದು ಹೊಳೆಯಲೇ ಇಲ್ಲ. ಇನ್ನೂರ ಹನ್ನೆರಡು ಕೊಂಡಿಗಳು ಕಡಿದವು. ಮುಂದಿನ ಶನಿವಾರದ ಸಭೆಯಲ್ಲಿ, ಹನ್ನೊಂದು ಜನರ ಎದುರು, ಯೆನ್ ಆ ಇನ್ನೂರ ಹನ್ನೆರಡು ಸಾಲುಗಳನ್ನು ಗೋಡೆಯ ಮೇಲೆ ಬೆಳಗಿಸಿ ಒಂದೊಂದಾಗಿ ಓದತೊಡಗಿದರು. ದುರುದ್ದೇಶವಿರಲಿಲ್ಲ, ಅವರ ಕಚೇರಿಯ ಪದ್ಧತಿಯೇ ಅದು. ನಾನು ಹದಿನೇಳನೆಯ ಸಾಲಿಗೆ ಎದ್ದು ಹೊರಬಂದೆ.

ಮನೆಯಲ್ಲಿ ಕುಳಿತು ಇನ್ನೂರ ಹನ್ನೆರಡನ್ನೂ ನಾನೇ ತಿದ್ದಿದೆ. ನಮ್ಮಲ್ಲಿ ಒಂದು ಕಟ್ಟಳೆಯಿದೆ: ಯಾವ ಬದಲಾವಣೆ ಮಾಡಿದರೂ ಅದರ ಕಾರಣವನ್ನು ಒಂದು ಸಾಲಿನಲ್ಲಿ ಬರೆದಿಡಬೇಕು, ತಪ್ಪನ್ನು ಬೇರೊಬ್ಬರು ತೋರಿಸಿದ್ದರೆ ಅವರ ಹೆಸರನ್ನು ಕೆಳಗೆ ಸೇರಿಸಬೇಕು. ಹಣವಿಲ್ಲದ ಈ ದುಡಿಮೆಯಲ್ಲಿ ಕೂಲಿಯೆಂದರೆ ಅದೊಂದೇ. ನಾನು ‘ಕೊಂಡಿಗಳನ್ನು ಸರಿಪಡಿಸಿದೆ’ ಎಂದಷ್ಟೇ ಬರೆದೆ. ಹೆಸರು ಹಾಕಲಿಲ್ಲ.

ಮೂರು ವಾರಗಳ ಬಳಿಕ ಯೆನ್ ಒಂದು ಡಬ್ಬಿ ಅನಾನಸ್ ಕಡುಬಿನೊಡನೆ ಬಂದರು. ಮಾತು ಮತ್ತೆ ಆರಂಭವಾಯಿತು. ಆಮೇಲೆ ಅವರು ನನ್ನ ತಪ್ಪನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ಸುಮಾರು ಅದೇ ಕಾಲಕ್ಕೆ ಯೋಜನೆಯ ಪೆಟ್ಟಿಗೆಗೆ ಆಗಾಗ ಒಂದು ಸಾಲಿನ ಮೇಲ್ ಬರಲಾರಂಭಿಸಿತು: ‘ಈ ಪುಟ ಸಿಗಲಿಲ್ಲ. ದಯವಿಟ್ಟು ನೋಡಿ.’ ಕೆಳಗೆ ಕಡಿದ ಕೊಂಡಿಯ ವಿಳಾಸ. ಯೋಜನೆಯ ತಪಾಸಣಾ ಯಂತ್ರ ಎಲ್ಲರಿಗೂ ಕಳಿಸುವ ಸೂಚನೆಯೆಂದು ತಿಳಿದೆ. ಯಂತ್ರದ ಮೇಲೆ ಕೋಪ ಬರುವುದಿಲ್ಲ. ನೋಡಿದೆ, ತಿದ್ದಿದೆ.

ನಾಲ್ಕು ವರ್ಷಗಳ ಹಿಂದಿನ ಚಳಿಗಾಲದಲ್ಲಿ ಯೆನ್ ತೀರಿಕೊಂಡರು. ಬೆಳಗ್ಗೆ ಹಲ್ಲುಜ್ಜುತ್ತಿದ್ದವರು ಬಿದ್ದರಂತೆ. ಅಂತ್ಯಕ್ರಿಯೆಗೆ ಯೋಜನೆಯಿಂದ ಆರು ಮಂದಿ ಹೋಗಿದ್ದೆವು.

ಅಂದಿನಿಂದ ನನ್ನ ದಿನಚರಿ ಇಷ್ಟೇ: ಐದನೆಯ ಮಹಡಿಯ ಮನೆ, ಒಂದು ಬಟ್ಟಲು ಅಕ್ಕಿಗಂಜಿ, ಪುಟಗಳು. ವಾಕ್ಯವೊಂದನ್ನು ಮುಗಿಸಿ ಗಟ್ಟಿಯಾಗಿ ಓದುತ್ತೇನೆ. ಎಡವುವ ಜಾಗ ಕಿವಿಗೆ ತಿಳಿಯುತ್ತದೆ. ಕೇಳುವವರಿರಲಿಲ್ಲ. ಎರಡು ವರ್ಷಗಳ ಹಿಂದೆ ಫಾಂಗ್‌ನ ತಂಡ ಓದುಗರ ಎಣಿಕೆಯನ್ನು ಅಳವಡಿಸಿತು. ಯಾವ ಪುಟ, ಎಷ್ಟು ಹೊತ್ತಿಗೆ, ಎಷ್ಟು ಸಲ ತೆರೆಯಿತು, ಇಷ್ಟನ್ನೇ ಅದು ಹೇಳುತ್ತದೆ. ಯಾರೆಂದು ಹೇಳುವುದಿಲ್ಲ, ಓದುವವರ ಗುಟ್ಟನ್ನು ಕಾಯಬೇಕೆಂದು ನಾವೇ ಹಾಕಿಕೊಂಡ ಕಟ್ಟು ಅದು. ಮೊದಲು ನನ್ನ ಅಧ್ಯಾಯಕ್ಕೆ ದಿನಕ್ಕೆ ಮೂವತ್ತು, ನಲವತ್ತು ಮಂದಿ ಬರುತ್ತಿದ್ದರು. ಹತ್ತಾದರು, ಮೂವರಾದರು. ಜನ ಕರಗಿದ ಮೇಲೆ ತಳದಲ್ಲಿ ಉಳಿದ ಕಲ್ಲಿನಂತೆ ಅವರು ಕಂಡರು: ಐದು ಗಂಟೆ ಹತ್ತು ನಿಮಿಷದ ಓದುಗರು.

ಅವರಿಗೊಂದು ಮುಖವನ್ನು ನಾನೇ ಕೊಟ್ಟೆ. ಸಮುದ್ರದಂಚಿನಲ್ಲಿ ಹಾಲುಮೀನಿನ ಕೊಳ. ಐವತ್ತು ದಾಟಿದ ಗಂಡಸು. ಬೆಳಕು ಹರಿಯುವ ಮುನ್ನ ಕೊಳಕ್ಕಿಳಿದು ನೀರಿನ ಉಸಿರನ್ನು ಅಳೆಯಬೇಕು. ಓದು ನಿಧಾನ. ದಿನವೂ ಮೊದಲ ಪುಟದಿಂದ ಆರಂಭಿಸುತ್ತಾರೆ, ಏಕೆಂದರೆ ನಿನ್ನೆ ಓದಿದ್ದು ಮರೆತಿರುತ್ತದೆ. ಹಾಗಿದ್ದರೆ ನನ್ನ ವಾಕ್ಯ ಉದ್ದವಾಯಿತೆಂದು ಮೊದಲ ಪುಟವನ್ನು ಒಂಬತ್ತು ಸಲ ತಿದ್ದಿ ಬರೆದೆ. ಹೊಸ ವರ್ಷದ ದಿನವೂ ಅವರು ಬಂದರು. ಆ ದಿನ ನನ್ನ ಮನೆಗೆ ಬಂದವರು ಅವರೊಬ್ಬರೇ ಎಂದು ಯೋಚಿಸಿ, ನನ್ನಷ್ಟಕ್ಕೆ ನಾನೇ ನಾಚಿಕೊಂಡೆ. ಹಿಂದಿನ ವರ್ಷದ ಎಂಟನೆಯ ತಿಂಗಳಲ್ಲಿ ಚಂಡಮಾರುತ ಬಡಿದು ಮೂರು ದಿನ ಅವರು ಬರದಿದ್ದಾಗ ಕರಾವಳಿಯ ಸುದ್ದಿಯನ್ನು ಬಿಡದೆ ನೋಡಿದೆ. ಕೊಳಗಳ ಏರಿ ಒಡೆದ ಚಿತ್ರಗಳಲ್ಲಿ ಕಾಣದ ಮುಖವನ್ನು ಹುಡುಕಿದೆ. ನಾಲ್ಕನೆಯ ದಿನ ಐದು ಹತ್ತಕ್ಕೆ ಎಣಿಕೆ ಒಂದಾಯಿತು. ಆ ಬೆಳಗ್ಗೆ ಗಂಜಿಗೆ ಉಪ್ಪುಮೊಟ್ಟೆ ಒಡೆದು ಹಾಕಿಕೊಂಡೆ.

ಪುಟದ ಅಡಿಯಲ್ಲಿ ಒಂದು ಸಾಲನ್ನೂ ಸೇರಿಸಿದ್ದೆ: ‘ಎಲ್ಲಿಯಾದರೂ ತೊಡಕಿದ್ದರೆ ಈ ವಿಳಾಸಕ್ಕೆ ಒಂದು ಮಾತು ಬರೆಯಿರಿ.’ ಉತ್ತರ ಬರಲಿಲ್ಲ. ತೊಡಕಿಲ್ಲವೆಂದು ಅರ್ಥ ಮಾಡಿಕೊಂಡೆ.

ಸಭೆಯಲ್ಲಿ ಎಂಟನೆಯ ಸಾಲು ಅಳಿಸಿದ ಮೇಲೆ ಬೇಸಿಗೆಯುದ್ದಕ್ಕೂ ಸಾವಿರದ ಒಂಬೈನೂರು ಪುಟಗಳನ್ನು ಎತ್ತಿ ಹೊಸ ಜಾಗಗಳಲ್ಲಿ ಕೂರಿಸಿದೆ. ಈ ಸಲ ಪ್ರತಿಯೊಂದು ಹಳೆಯ ವಿಳಾಸದಲ್ಲೂ ‘ಇತ್ತ ಬನ್ನಿ’ ಎಂದು ದಾರಿ ತೋರಿಸುವ ಹಲಗೆಯೊಂದನ್ನು ನೆಟ್ಟೆ. ಒಂದೂ ತಪ್ಪಲಿಲ್ಲವೆಂಬ ಹೆಮ್ಮೆಯಿತ್ತು. ಕೊನೆಯ ಪುಟ ಕೂರಿಸಿದ ಮರುದಿನ ಮೇಲ್ ಬಂತು: ‘ಈ ಪುಟ ಸಿಗಲಿಲ್ಲ. ದಯವಿಟ್ಟು ನೋಡಿ.’ ನನ್ನ ಅಧ್ಯಾಯದ ಇಪ್ಪತ್ತೆರಡನೆಯ ಪುಟದಿಂದ ಮಳೆಮಾಪಕದ ಪುಟಕ್ಕೆ ಹೋಗುವ ಕೊಂಡಿ. ಅಲ್ಲಿ ಹಲಗೆ ನೆಡಲು ಮರೆತಿದ್ದೆ; ಆಗಲೇ ನೆಟ್ಟೆ.

ಬೇರೇನೋ ಕೆಲಸಕ್ಕೆ ಫಾಂಗ್‌ಗೆ ಫೋನು ಮಾಡಿದಾಗ ಹೇಳಿದೆ: “ನಿಮ್ಮ ತಪಾಸಣಾ ಯಂತ್ರ ಬಲು ಚುರುಕು ಕಣಪ್ಪ. ಒಂದೇ ಒಂದು ಬಿಟ್ಟಿದ್ದೆ, ಹಿಡಿದೇಬಿಟ್ಟಿತು.”

“ಯಾವ ಯಂತ್ರ?”

“ಕೊಂಡಿಗಳನ್ನ ನೋಡೋದು.”

“ಅದನ್ನ ನಿಲ್ಲಿಸಿ ಮೂರು ವರ್ಷ ಆಯ್ತಲ್ಲ ಟೀಚರ್. ಎಲ್ಲಿ, ಆ ಮೇಲ್ ಇತ್ತ ಕಳ್ಸಿ.” ಸ್ವಲ್ಪ ಹೊತ್ತು ಅವನ ಕೀಲಿಮಣೆಯ ಸದ್ದು ಕೇಳಿಸಿತು. “ಇದು ನಮ್ಮ ಕಡೆಯಿಂದ ಹೋಗಿಲ್ಲ. ಲುಕಾಂಗ್‌ನಿಂದ ಬಂದಿದೆ. ಕಳಿಸಿದ ಯಂತ್ರದ ಹೆಸರು...” ಅವನ ಧ್ವನಿ ತಗ್ಗಿತು. “ಇದು ಯೆನ್ ಅಣ್ಣಂದು. ಅವರ ಮನೇಲಿರೋ ಯಂತ್ರ. ಇನ್ನೂ ಓಡ್ತಾ ಇದೆಯಾ ಅದು?”

“ಎಷ್ಟು ಹೊತ್ತಿಗೆ ಕಳಿಸಿದ್ದು?”

“ಬೆಳಗ್ಗೆ ಐದು ಹದಿನಾಲ್ಕು.”

ನಾನು ಕೇಳಬಾರದಿತ್ತು. ಆದರೂ ಕೇಳಿದೆ. “ಒಂದು ಅಧ್ಯಾಯದ ಕೊಂಡಿಗಳನ್ನೆಲ್ಲ ನೋಡಿ ಮುಗಿಸೋಕೆ ಯಂತ್ರಕ್ಕೆ ಎಷ್ಟು ಹೊತ್ತು ಬೇಕು?”

“ಒಂದ್ ಮೂರು, ನಾಲ್ಕು ನಿಮಿಷ ಹಿಡೀಬಹುದು. ಯಾಕೆ ಟೀಚರ್?” ಎಂದವನಿಗೆ ತಾನಾಗಿಯೇ ಹೊಳೆದಿರಬೇಕು. ಬಳಿಕ ನಿಧಾನವಾಗಿ ಹೇಳಿದ: “ಮೊದಲ ಪುಟ ಒಂದನ್ನ ನಮ್ಮ ಹಾಗೇ ಪೂರ್ತಿ ತೆರೆದು ನೋಡುತ್ತೆ, ಅದು ಎಣಿಕೆಗೆ ಸಿಗುತ್ತೆ. ಉಳಿದವಕ್ಕೆ ಹೊರಗಿಂದ ಬಾಗಿಲು ತಟ್ಟಿ ಹೋಗುತ್ತೆ. ಟೀಚರ್? ಕೇಳಿಸ್ತಾ ಇದೆಯಾ?”

ಕೇಳಿಸುತ್ತಿತ್ತು.

ಯೆನ್ ಅವರ ಊರಾದ ಲುಕಾಂಗ್‌ಗೆ ಬಸ್ಸಿನಲ್ಲಿ ಒಂದೂವರೆ ತಾಸು. ಒಂಬತ್ತನೆಯ ತಿಂಗಳ ಗಾಳಿ ಆಗಲೇ ಎದ್ದಿತ್ತು. ಗಲ್ಲಿಯ ತಿರುವುಗಳಲ್ಲಿ ಅಗರಬತ್ತಿಯ ಅಂಗಡಿಗಳ ವಾಸನೆ ಒಮ್ಮೆ ಮುಖಕ್ಕೆ ಬಡಿದು ಒಮ್ಮೆ ಮಾಯವಾಗುತ್ತಿತ್ತು. ಯೆನ್ ಅವರ ಅಕ್ಕ ಮೇ-ಯುನ್‌ಗೆ ಎಪ್ಪತ್ತಮೂರು. ಅಂಗಳದಲ್ಲಿ ಬಿದಿರುಗಳುಗಳ ಮೇಲೆ ಎಳೆಶಾವಿಗೆ ಬಿಳಿಯ ಪರದೆಯಂತೆ ಇಳಿಬಿದ್ದಿತ್ತು. ಆಕೆ ಅದರ ನಡುವಿನಿಂದ ತಲೆ ಹೊರಚಾಚಿ ನನ್ನನ್ನು ನೋಡಿದರು.

“ಶಾವಿಗೆ ಬೇಕಾ? ಇವತ್ತಿಂದು ಇನ್ನೂ ಒಣಗಿಲ್ಲ.”

“ಇಲ್ಲ ಅಕ್ಕಾ. ನನ್ನ ಹೆಸರು ತು, ತೈಚುಂಗ್‌ನಿಂದ ಬಂದೆ. ನಿಮ್ಮ ತಮ್ಮನ ಜೊತೆ ಕೆಲಸ ಮಾಡ್ತಿದ್ದೆ. ಅವರ ಅಂತ್ಯಕ್ರಿಯೆಗೆ ಬಂದಿದ್ದೆ.”

“ಅವತ್ತು ಬಂದೋರ ಮುಖ ಯಾರದೂ ನೆನಪಿಲ್ಲ ನಂಗೆ. ಬನ್ನಿ ಒಳಗೆ, ಗಾಳೀಲಿ ಹಾರ್ಹೋಗ್ತೀರಾ, ಕಡ್ಡಿ ಇದ್ದಂಗಿದೀರಾ.”

ಯೆನ್ ಅವರ ಕೋಣೆ ಹಿತ್ತಲಿನ ಕಡೆಗಿತ್ತು. ಮಂಚದ ಮೇಲೆ ಹಿಟ್ಟಿನ ಚೀಲಗಳಿದ್ದವು. ಆದರೆ ಕಿಟಕಿಯ ಬಳಿಯ ಮೇಜನ್ನು ಯಾರೂ ಮುಟ್ಟಿರಲಿಲ್ಲ. ಅದರ ಮೇಲೆ ಊಟದ ಡಬ್ಬಿಗಿಂತ ಚಿಕ್ಕದಾದ ಕಪ್ಪು ಯಂತ್ರ, ಹಸಿರಾಗಿ ಮಿಣುಕುವ ಒಂದು ದೀಪ. ಯಂತ್ರದ ತಲೆಯ ಮೇಲೆ ಹಸಿರು ಪೊಟ್ಟಣದ ಜೋಳದ ಕುರುಕಲು.

ಅದನ್ನು ಕಂಡು ನಗು ಬಂತು. ನಮ್ಮ ಕಡೆ ಯಂತ್ರಗಳನ್ನು ನೋಡಿಕೊಳ್ಳುವವರೆಲ್ಲ ಈ ಪೊಟ್ಟಣವನ್ನು ಯಂತ್ರದ ಮೇಲಿಡುತ್ತಾರೆ. ಇಟ್ಟರೆ ಅದು ಹಟಮಾಡದೆ ನಡೆಯುತ್ತದಂತೆ. ಹಸಿರೇ ಆಗಬೇಕು, ಹಳದಿ, ಕೆಂಪು ಕೂಡದು. ತಿನ್ನಕೂಡದು. ಅದರ ಮೇಲೆ ಅಚ್ಚಾದ ತಾರೀಕು ಮೀರಕೂಡದು. ‘ಓದಿದ ಇಂಜಿನಿಯರು ಮಗುವಿನ ತಿಂಡಿಗೆ ಕೈಮುಗಿಯುತ್ತೀರಲ್ಲ’ ಎಂದು ಯೆನ್‌ರನ್ನು ಎಷ್ಟೋ ಸಲ ಹಂಗಿಸಿದ್ದೆ. ಪೊಟ್ಟಣವನ್ನು ತಿರುಗಿಸಿ ನೋಡಿದೆ. ತಾರೀಕು ಮೀರಿರಲಿಲ್ಲ. ಈ ವರ್ಷದ ಹನ್ನೆರಡನೆಯ ತಿಂಗಳು.

“ಅಕ್ಕಾ, ಇದನ್ನ ಯಾರು ಬದಲಾಯಿಸ್ತಾರೆ?”

“ಇನ್ಯಾರು, ನಾನೇ. ಅವನು ಹೇಳಿಟ್ಟಿದ್ದ, ‘ತಾರೀಕು ಮುಗಿಯೋಕೆ ಬಿಡಬೇಡ ಅಕ್ಕಾ’ ಅಂತ. ಇಲ್ಲಿ ಅಂಗಡೀಲಿ ಹಳದೀದೇ ಜಾಸ್ತಿ. ಹಸಿರಿಗೆ ಅಂತ ಸೈಕಲ್ ತುಳ್ಕೊಂಡು ಪೇಟೆಗೆ ಹೋಗ್ಬೇಕು. ಹಳೇದನ್ನ ಪಕ್ಕದ ಮನೆ ಮೊಮ್ಮಕ್ಕಳಿಗೆ ಕೊಡ್ತೀನಿ. ದೇವರ ಪ್ರಸಾದ ಅಂತ ತಿಂತಾವೆ, ಪಾಪ.” ಆಕೆ ಹಿಟ್ಟಿನ ಕೈಯನ್ನು ಅಂಗಿಗೆ ಒರೆಸಿಕೊಂಡು ಯಂತ್ರದ ಮೇಲಿನ ಕಾಣದ ಧೂಳನ್ನು ತೆಗೆದರು. “ತೂಫಾನ್ ಬಂದಾಗ ಮೂರು ದಿನ ಕರೆಂಟ್ ಇರ್ಲಿಲ್ಲ. ನಾಲ್ಕನೇ ದಿನ ನಾನೇ ಗುಂಡಿ ಒತ್ತಿದೆ. ಅದನ್ನೂ ಹೇಳ್ಕೊಟ್ಟಿದ್ದ.”

ನಾಲ್ಕನೆಯ ದಿನದ ಉಪ್ಪುಮೊಟ್ಟೆ ನನಗೆ ನೆನಪಾಯಿತು.

“ಇದು ಏನು ಮಾಡುತ್ತೆ ಅಂತ ಹೇಳಿದ್ರಾ?”

“ಹೇಳ್ದ. ನಂಗೇನ್ ಅರ್ಥ ಆಗುತ್ತೆ? ‘ಇದು ನಿಂತ್ರೆ ಅಲ್ಲೊಬ್ಬರಿಗೆ ತೊಂದ್ರೆ ಆಗುತ್ತೆ ಅಕ್ಕಾ’ ಅಂದ. ಯಾರಿಗೆ ಅಂತ ಕೇಳಿದ್ರೆ, ‘ಒಬ್ರು ಟೀಚರ್ ಇದಾರೆ, ಭಾರೀ ಕೋಪ. ಎದುರಿಗೆ ತಪ್ಪು ಹೇಳಿದ್ರೆ ಎದ್ದು ಹೋಗ್ತಾರೆ. ಅದಕ್ಕೆ ಯಂತ್ರದ ಕೈಲಿ ಹೇಳಿಸ್ತೀನಿ’ ಅಂತ ನಗ್ತಿದ್ದ.” ಆಕೆ ಮಾತು ನಿಲ್ಲಿಸಿ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ಅಯ್ಯೋ. ನೀವೇನಾ ಅದು?”

“ನಾನೇ.”

“ಅಷ್ಟೇನ್ ಕೋಪಿಷ್ಠರ ಹಾಗೆ ಕಾಣಲ್ಲಪ್ಪ.”

“ವಯಸ್ಸಾಯ್ತು ಅಕ್ಕಾ.”

ಆಕೆ ಗಟ್ಟಿಯಾಗಿ ನಕ್ಕರು. ಬಳಿಕ ಅದೇ ಉಸಿರಿನಲ್ಲಿ, ಕಣ್ಣನ್ನು ದೀಪದ ಮೇಲಿಟ್ಟು ಕೇಳಿದರು: “ಸರಿ, ಉಪಯೋಗ ಆಗ್ತಿದೆಯಾ ಇದು? ಇಲ್ಲ ಅಂದ್ರೆ ಹೇಳಿಬಿಡಿ. ಸುಮ್ನೆ ಕರೆಂಟ್ ಯಾಕೆ.”

ನನ್ನ ಎದುರಿಗಿದ್ದ ದಾರಿಗಳೆರಡೂ ಸ್ಪಷ್ಟವಾಗಿದ್ದವು. ಈ ದೀಪ ಆರಿದರೆ ಎಣಿಕೆ ಸೊನ್ನೆಯಾಗುತ್ತದೆ, ಆರು ತಿಂಗಳಿಗೆ ನನ್ನ ಅಧ್ಯಾಯ ತಾನಾಗಿಯೇ ಉಗ್ರಾಣ ಸೇರುತ್ತದೆ. ಉರಿಯುತ್ತಿದ್ದರೆ ಅಧ್ಯಾಯ ಉಳಿಯುತ್ತದೆ, ಯಾರೂ ಕೇಳುವುದಿಲ್ಲ. ಆದರೆ ಆಕೆ ಕೇಳಿದ್ದು ನನ್ನ ಅಧ್ಯಾಯದ ಬಗ್ಗೆಯಲ್ಲ.

“ಹೋದ ವಾರ ಕೂಡ ನನ್ನದೊಂದು ತಪ್ಪು ಹಿಡಿದುಕೊಟ್ಟಿತು,” ಎಂದೆ. “ಇರಲಿ ಅಕ್ಕಾ.”

“ಇರ್ಲಿ ಬಿಡಿ ಹಾಗಾದ್ರೆ,” ಎಂದು ಆಕೆ ಮುಖ ತಿರುಗಿಸಿಕೊಂಡು ಅಂಗಳಕ್ಕೆ ಹೋದರು. ಹೊರಡುವಾಗ ಒಂದು ಕಟ್ಟು ಶಾವಿಗೆಯನ್ನು ಕೈಯಲ್ಲಿ ತುರುಕಿದರು. ಇಬ್ಬರಿಗಾಗುವಷ್ಟಿದೆ, ನನಗೊಬ್ಬಳಿಗೆ ಹೆಚ್ಚಾಯಿತೆಂದೆ. “ಎರಡು ಹೊತ್ತು ತಿನ್ನಿ,” ಎಂದರು.

ಮುಂದಿನ ಮೂರನೆಯ ಶನಿವಾರ ಮಹಡಿಯಲ್ಲಿ ಫಾಂಗ್ ನನಗಾಗಿ ಕಾಯುತ್ತಿದ್ದ. ನಾನು ಕೂರುವ ಮೊದಲೇ ಆರಂಭಿಸಿದ: “ಟೀಚರ್, ನಾನು ಯೋಚನೆ ಮಾಡ್ದೆ. ಎಣಿಕೆ ಎಣಿಕೇನೇ. ನಿಯಮದಲ್ಲಿ ‘ಮನುಷ್ಯ’ ಅಂತ ಎಲ್ಲೂ ಬರೆದಿಲ್ಲ. ನೀವು ಹೇಳಿಲ್ಲ, ನಾನು ಕೇಳಿಲ್ಲ. ಮುಗೀತಲ್ಲ?”

“ನಾನು ನಿನ್ನೆದುರಿಗೆ ಏನಂದೆ ಅವತ್ತು?”

“ಏನಂದ್ರಿ?”

“ಒಬ್ಬ ಓದುಗರಿದ್ದಾರೆ ಅಂದೆ. ಒಂದು ಎಣಿಕೆ ಇದೆ ಅನ್ನಲಿಲ್ಲ. ಎಂಟನೇ ಸಾಲನ್ನ ಮತ್ತೆ ಬರಿ.”

ಅವನು ಬರೆಯಲಿಲ್ಲ, ಆರಿ ಕೆನೆಗಟ್ಟಿದ ಹಾಲನ್ನು ಕಲಕಿದ. “ಹಟ ನಿಮ್ಮದು,” ಎಂದ ಕೊನೆಗೆ. “ಯೆನ್ ಅಣ್ಣ ಹೇಳ್ತಿದ್ದಿದ್ದು ಸುಳ್ಳಲ್ಲ.” ಏನು ಹೇಳುತ್ತಿದ್ದರೆಂದು ನಾನು ಕೇಳಲಿಲ್ಲ. ಪಟ್ಟಿಯನ್ನು ಎಳೆದುಕೊಂಡು ಎಂಟನೆಯ ಸಾಲನ್ನು ನಾನೇ ತುಂಬಿದೆ.

ನಲವತ್ತೊಂದು ಪುಟಗಳನ್ನು ನನ್ನ ಕೈಯಾರೆ ಉಗ್ರಾಣಕ್ಕೆ ಸಾಗಿಸಿದೆ. ಒಂದೊಂದರ ಹಳೆಯ ಜಾಗದಲ್ಲೂ ದಾರಿಹಲಗೆ ನೆಟ್ಟೆ, ಈ ಸಲ ಎರಡೆರಡು ಬಾರಿ ಪರೀಕ್ಷಿಸಿ. ಒಂದನ್ನು ಮಾತ್ರ ಮುಟ್ಟಲಿಲ್ಲ: ಸಾಗಣೆಯಲ್ಲಿ ಮತ್ತೆ ಕಡಿದ, ಇಪ್ಪತ್ತೆರಡನೆಯ ಪುಟದ ಆ ಕೊಂಡಿ. ನಾಳೆ ತಿದ್ದಿದರಾಯಿತು ಎಂದುಕೊಂಡೆ.

ದಾರಿಹಲಗೆ ಹಿಡಿದು ಯಂತ್ರ ಉಗ್ರಾಣಕ್ಕೂ ಬಂದಿತ್ತು: ಬೆಳಗ್ಗೆ ಐದು ಹದಿನಾಲ್ಕಕ್ಕೆ ಮೇಲ್ ಬಂತು. ‘ಈ ಪುಟ ಸಿಗಲಿಲ್ಲ. ದಯವಿಟ್ಟು ನೋಡಿ.’ ಈಗ ಆ ಸಾಲನ್ನು ಬೇರೆಯಾಗಿ ಓದಿದೆ. ತಪ್ಪಿದೆ ಎಂದಿಲ್ಲ, ಯಾರ ತಪ್ಪು ಎಂದಿಲ್ಲ. ಅಕ್ಷರ ಅಕ್ಷರವನ್ನೂ ತೂಗಿ ಬರೆದ ವಾಕ್ಯ. ಮೂವತ್ತು ವರ್ಷ ಪ್ರಬಂಧ ಕಲಿಸಿದ ನನಗೆ ಇದು ಯಂತ್ರದ ವಾಕ್ಯವಲ್ಲವೆಂದು ಹತ್ತು ವರ್ಷ ತಿಳಿಯದೆ ಹೋಯಿತು.

ಮರುದಿನವೂ ತಿದ್ದಲಿಲ್ಲ. ಐದಕ್ಕೇ ಎದ್ದು ಕಾದೆ, ಬಂತು. ಅದರ ಮರುದಿನವೂ ಬಂತು. ಹೀಗೆ ಹನ್ನೊಂದು ಬೆಳಗು, ಹನ್ನೊಂದು ಸಾಲು. ಒಂದೇ ಒಂದು ಅಲ್ಪವಿರಾಮವನ್ನು ಬಿಟ್ಟರೂ ನಿದ್ದೆ ಬಾರದವಳು ನಾನು. ಕಣ್ಣೆದುರಿನ ದೋಷವನ್ನು ತಿಳಿದೂ ತಿಳಿದೂ ಹಾಗೆಯೇ ಇಟ್ಟುಕೊಂಡಿದ್ದೆ. ತಿದ್ದಿದರೆ ಆ ಸಾಲು ನಿಂತುಹೋಗುತ್ತದೆ.

ಹನ್ನೊಂದನೆಯ ಸಂಜೆ ಶಾವಿಗೆ ಬೇಯಿಸುವಾಗ ನೀರು ಉಕ್ಕಿ ಒಲೆ ಆರಿತು. ಒರೆಸುತ್ತ ನಿಂತಾಗ ಆ ನೀರಿನಲ್ಲಿ ನಿಂತ ಮನುಷ್ಯ ನೆನಪಾದ. ಅವನು ಇಲ್ಲವೆಂದು ಈಗ ಗೊತ್ತು. ಉಗ್ರಾಣದ ಇಪ್ಪತ್ತೆರಡನೆಯ ಪುಟಕ್ಕೆ ಯಾರೂ ಬರುವುದಿಲ್ಲವೆಂದೂ ಗೊತ್ತು. ಆದರೆ ಯೆನ್ ಆ ಯಂತ್ರವನ್ನು ಇಟ್ಟುಹೋದದ್ದು ನನಗೆ ದಿನವೂ ಕಾಗದ ಬರೆಯುವುದಕ್ಕಲ್ಲ. ನಾನು ನೋಡಲಿ ಎಂದು.

ಒಲೆಯನ್ನು ಹಾಗೆಯೇ ಬಿಟ್ಟು ಮೇಜಿಗೆ ಬಂದೆ. ಹಲಗೆ ನೆಡಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಕಾರಣದ ಸಾಲಿನಲ್ಲಿ ‘ಮಳೆಮಾಪಕದ ಕೊಂಡಿಯನ್ನು ಸರಿಪಡಿಸಿದೆ’ ಎಂದು ಬರೆದೆ. ಅದರ ಕೆಳಗೆ, ಹತ್ತು ವರ್ಷಗಳಿಂದ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಪದ್ಧತಿಯಂತೆ ಎರಡನೆಯ ಸಾಲು ಸೇರಿಸಿದೆ: ‘ತಪ್ಪನ್ನು ತೋರಿಸಿಕೊಟ್ಟವರು: ಯೆನ್ ಪೋ-ಚುವಾನ್, ಲುಕಾಂಗ್.’

ಮರುದಿನ ಐದು ಹತ್ತಕ್ಕೆ ಎಣಿಕೆ ಒಂದಾಯಿತು. ಐದು ಹದಿನಾಲ್ಕಕ್ಕೆ ಏನೂ ಬರಲಿಲ್ಲ. ಐದೂವರೆಯವರೆಗೆ ಕುಳಿತಿದ್ದೆ, ಆಮೇಲೆ ಎದ್ದು ಗಂಜಿಗೆ ಅಕ್ಕಿ ತೊಳೆದೆ.